‘ತುಘಲಕ್’ ನಾಟಕದಲ್ಲಿ ಅರಸನ ಮಾತು

ಐತಿಹಾಸಿಕ ನಾಟಕಗಳಲ್ಲಿ ಪಾತ್ರವು ಆಡುವ ಮಾತಿನ ಅರ್ಥವೊಂದು, ಅದು ಮುಚ್ಚಿಡುವ ಅರ್ಥ ಇನ್ನೊಂದು ಆಗಿರುವುದುಂಟು. ಷೇಕ್ಸ್‌ಪಿಯರನ ಮೂರನೆಯ ರಿಚರ್ಡನು ಕಿರೀಟವು ತನಗೆ ಬೇಡವೆನ್ನುತ್ತಲೇ ಅದನ್ನು ಪಡೆಯುತ್ತಾನೆ. ಅವನ ಕಪಟವನ್ನು ಅವನ ಸ್ವಗತಗಳೇ ಪ್ರೇಕ್ಷಕನಿಗೆ ಮೊದಲು ತಿಳಿಸಿರುತ್ತವೆ. ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದ ಸುಲ್ತಾನನು ಬೇರೆ ಬಗೆಯವನು. ಇಮಾಮುದ್ದೀನನ ಪ್ರಸಂಗದಲ್ಲಿ ತಂತ್ರಗಾರನಾಗಿ ಕಂಡರೂ, ನ್ಯಾಯದ ಮಾತನ್ನು ಅವನು ನಂಬಿಯೇ ಆಡುತ್ತಾನೆ. ಆ ಮಾತಿನ ಗೂಢಾರ್ಥವು ಹೊರಬೀಳುವುದು ಅಗಸ ಅಜೀಜನ ಬಾಯಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಮೊದಲ ದೃಶ್ಯವು 1327ರ ದೆಹಲಿಯಲ್ಲಿ ನಡೆಯುತ್ತದೆ. ವಿಷ್ಣುಪ್ರಸಾದನೆಂಬ ಬ್ರಾಹ್ಮಣನು ಸುಲ್ತಾನನ ಮೇಲೆಯೇ ಹೂಡಿದ ದಾವೆಯನ್ನು ಗೆಲ್ಲುತ್ತಾನೆ. ಸುಲ್ತಾನನು ಆ ತೀರ್ಪನ್ನು ಜನರೆದುರು ಕೊಂಡಾಡಿ, ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುವುದಾಗಿ ಸಾರುತ್ತಾನೆ. ಬರುವುದಕ್ಕೆ ಯಾರಿಗೂ ಬಲವಂತವಿಲ್ಲವೆನ್ನುತ್ತಾನೆ. ಆರನೆಯ ದೃಶ್ಯದಲ್ಲಿ ಅದೇ ಆಹ್ವಾನವು ಕಟ್ಟಪ್ಪಣೆಯಾಗುತ್ತದೆ. ದಾವೆ ಗೆದ್ದ ಬ್ರಾಹ್ಮಣನಾದರೋ ವೇಷಧಾರಿಯಾದ ಅಜೀಜನೇ. ಸುಲ್ತಾನನ ಮಾತನ್ನು ಅಕ್ಷರಶಃ ಹಿಡಿದು ಅವನು ಲಾಭ ಗಳಿಸುತ್ತಾನೆ. ಕೊನೆಗೆ ಸಿಕ್ಕಿಬಿದ್ದಾಗಲೂ ತಾನೇ ಸುಲ್ತಾನನ ನಿಜವಾದ ಶಿಷ್ಯನೆಂದು ವಾದಿಸುತ್ತಾನೆ. ಅವನನ್ನು ಶಿಕ್ಷಿಸಿದರೆ ತನ್ನ ಮಾತನ್ನೇ ಶಿಕ್ಷಿಸಿದಂತೆ. ಆದಕಾರಣ ಸುಲ್ತಾನನು ಅವನಿಗೆ ದಖ್ಖನದಲ್ಲಿ ಅಧಿಕಾರವನ್ನು ಕೊಡಿಸುತ್ತಾನೆ.

ಈ ದಖ್ಖನಕ್ಕೆ ಸೇರಿದ ನಮಗೆ, ಚರಿತ್ರೆಯ ಅಭ್ಯಾಸಿಗಳಾಗಿ, 1327 ಇನ್ನೊಂದು ಕಾರಣಕ್ಕೂ ಮುಖ್ಯ. ಸುಮಾರು ಆ ಹೊತ್ತಿನಲ್ಲಿಯೇ ಇರಕಲ್ಲಗಡದ ನೆರೆನಾಡಿನ ಕುಮ್ಮಟದುರ್ಗವು ಸುಲ್ತಾನನ ಸೈನ್ಯಕ್ಕೆ ವಶವಾಯಿತು. ಬಂಡೆದ್ದು ಓಡಿಬಂದ ಬಹಾಉದ್ದೀನ್ ಗುರ್ಷಾಸ್ಪನಿಗೆ ಆಶ್ರಯವಿತ್ತುದೇ ಕಂಪಿಲರಾಯನ ಅಪರಾಧ. ಇಬ್ನ್ ಬತೂತನು ಎರಡು ಸಂಗತಿಗಳನ್ನೂ ಬರೆದಿಟ್ಟಿದ್ದಾನೆ: ಹಿಂದೂ ಪ್ರಜೆಯೊಬ್ಬನ ದೂರಿನ ಮೇಲೆ ಸುಲ್ತಾನನು ಖಾಜಿಯ ಮುಂದೆ ನಿಂತುದು, ಸೆರೆಸಿಕ್ಕ ಗುರ್ಷಾಸ್ಪನ ಚರ್ಮವನ್ನು ಸುಲಿಸಿದುದು. ನಾಟಕದ ಮೊದಲ ದೃಶ್ಯವು ಇವುಗಳಲ್ಲಿ ಮೊದಲನೆಯದನ್ನು ನೆನಪಿಗೆ ತರುತ್ತದೆ. ಹದಿಮೂರು ದೃಶ್ಯಗಳಲ್ಲಿ ಒಂದೂ ಕುಮ್ಮಟದಲ್ಲಿ ನಡೆಯುವುದಿಲ್ಲ.

ಇದನ್ನು ನಾವು ನಾಟಕದ ದೋಷವೆಂದು ಎಣಿಸುವುದಿಲ್ಲ. ನಾಟಕಕಾರನು ದೆಹಲಿಯ ನ್ಯಾಯಾಲಯವನ್ನು ಆರಿಸಿಕೊಂಡುದರಿಂದಲೇ ಅಜೀಜನ ವ್ಯಂಗ್ಯವು ಸಾಧ್ಯವಾಯಿತು. ಆದರೆ ಅಲ್ಲಿ ಕೇಳಿಬರುವ ನ್ಯಾಯದ ಮಾತು ಯಾರಿಗಾಗಿ ಆಡಿದ್ದು, ಕಂಪಿಲರಾಯನಂಥವರಿಗೆ ಅದು ಏಕೆ ಸಲ್ಲಲಿಲ್ಲ ಎಂಬ ಪ್ರಶ್ನೆಯನ್ನು ಓದುಗನು ಕೇಳಿಕೊಳ್ಳಬೇಕು. ಶಾಸನಗಳ ಹೊಗಳಿಕೆಯನ್ನೂ ಆಸ್ಥಾನದ ಬಖೈರುಗಳನ್ನೂ ಓದುವಾಗ ನಮ್ಮ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಯೂ ಇದೇ ಆಗಿದೆ.