ಗುಮ್ಮಟ ಬಂತು, ಗಾಂಧಿ ಕ್ಲಾಸ್ ಎಲ್ಲಿ?

ಮುಂಬೈಯ ರಾಯಲ್ ಆಪೆರಾ ಹೌಸ್ ಚೆನ್ನಾಗಿದೆ. ಇದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಮುಂದೆ ನಾನು ತೆಗೆಯೋ ತಕರಾರು ಓದಿ "ಇವನಿಗೆ ಯಾವುದೂ ಹಿಡಿಸಲ್ಲ ಬಿಡು" ಅಂತ ನೀವು ಅಂದುಕೊಳ್ಳಬಾರದು. ಚರ್ನಿ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಗದ್ದಲದ ರಸ್ತೆ ದಾಟಿ ಒಳಗೆ ಕಾಲಿಟ್ಟರೆ ಬೇರೆಯೇ ಲೋಕ. ಬಂಗಾರದ ಅಂಚು, ಮಖಮಲ್ಲಿನ ಕುರ್ಚಿ, ಬಣ್ಣದ ಗಾಜು, ಸಸೂನ್ ಮನೆತನದವರು ಕೊಟ್ಟ ತೂಗುದೀಪಗಳು. ತಲೆ ಎತ್ತಿದರೆ ಎಂಟು ಹೋಳಿನ ಗುಮ್ಮಟ, ಕವಿಗಳಿಗೆ, ನಾಟಕಕಾರರಿಗೆ ಗೌರವ ಅಂತ ಚಿತ್ತಾರ ಬಿಡಿಸಿದ್ದು. ಫೋನು ಹೊರಗೆ ತೆಗೆಯದವರು ಯಾರೂ ಇರಲಿಲ್ಲ. ನಾನೂ ತೆಗೆದೆ.

ನಾನು ಹೋದ ಸಂಜೆ ಹಿಂದೂಸ್ತಾನಿ ಗಾಯನ ಇತ್ತು. ಕಡಿಮೆ ದುಡ್ಡಿನ ಟಿಕೆಟ್ ಅಂತ ಮೇಲಿನ ಬಾಲ್ಕನಿಯಲ್ಲಿ ಕೂತಿದ್ದೆ. ಇಲ್ಲಿಗೇನು ಕೇಳ್ತದೆ ಅಂತ ಅನುಮಾನವಿತ್ತು. ಗಾಯಕಿ ಷಡ್ಜ ಹಿಡಿದ ಕೂಡಲೇ ಅನುಮಾನ ಹೋಯಿತು. ತಂಬೂರಿಯ ಒಂದೊಂದು ತಂತಿಯೂ ಬೇರೆಬೇರೆಯಾಗಿ ಮೇಲೆ ಬರುತ್ತಿತ್ತು. ಮೈಕು ಹುಟ್ಟುವ ಮೊದಲು ಕಟ್ಟಿದ ಸಭಾಂಗಣದ ಗತ್ತೇ ಬೇರೆ: ಕಟ್ಟುವವನಿಗೆ ಹಿಂದಿನ ಸಾಲಿನವನ ಕಿವಿ ನೆನಪಿರಲೇಬೇಕಿತ್ತು. ನಮ್ಮ ಹೊಸ ಸಭಾಭವನಗಳಲ್ಲಿ ಮೂರನೇ ಸಾಲಿನಿಂದಾಚೆ ಎಲ್ಲವೂ ಸ್ಪೀಕರ್ ಬಾಕ್ಸಿನ ಮರ್ಜಿ.

ಕೊನೆಗೆ ಒಂದು ನಾಟ್ಯಗೀತೆ ಹಾಡಿದರು. ಜನ ಕರಗಿಹೋದರು. ಬಾಲಗಂಧರ್ವರು ಇದೇ ವೇದಿಕೆಯಲ್ಲಿ ಹಾಡಿದ್ದರು ಅಂತ ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಮರಾಠಿಯಲ್ಲಿ ಹೇಳಿದರು. ನಾನು ಸುಮ್ಮನಿರಬೇಕಿತ್ತು. ಆದ್ರೆ ಉತ್ತರ ಕನ್ನಡದವನಿಗೆ ಅದು ಆಗುವ ಮಾತಲ್ಲ. 1842ರ ಸುಮಾರಿಗೆ ಹೊನ್ನಾವರದ ಹತ್ತಿರದ ಕರ್ಕಿಯ ಭಾಗವತರ ಮೇಳ ಸಾಂಗ್ಲಿಗೆ ಹೋಗಿ ಆಡಿದ್ದು, ಅದನ್ನು ನೋಡಿದ ಸಾಂಗ್ಲಿಯ ದೊರೆ "ಇಂಥದ್ದು ಮರಾಠಿಯಲ್ಲೂ ಬೇಕು" ಅಂತ ಬಯಸಿದ್ದು, ವಿಷ್ಣುದಾಸ ಭಾವೆ 1843ರಲ್ಲಿ 'ಸೀತಾ ಸ್ವಯಂವರ' ಆಡಿಸಿದ್ದು, ಎಲ್ಲ ಹೇಳಿದೆ. ಅವರು ನಕ್ಕು, "ಹಾಗಾದರೆ ಇದು ನಿಮ್ಮದೇ ಮನೆ" ಅಂದರು. ಕುಂದಗೋಳದ ರಾಮಭಾವು ಮರಾಠಿ ರಂಗಭೂಮಿಯಲ್ಲಿ ಹಾಡಿ 'ಸವಾಯಿ ಗಂಧರ್ವ' ಆದ ಕತೆಯನ್ನೂ ತೆಗೆಯುವವನಿದ್ದೆ. ಅಷ್ಟರಲ್ಲಿ ದೀಪ ಹತ್ತಿತು.

ಸಂಬಂಧ ಇನ್ನೂ ಒಂದಿದೆ. ಉತ್ತರ ಕನ್ನಡ 1862ರಿಂದ ಮುಂಬೈ ಪ್ರಾಂತ್ಯದಲ್ಲಿತ್ತು. 1956ರಲ್ಲಷ್ಟೇ ಈ ಕಡೆ ಬಂದದ್ದು. ಈ ಕಟ್ಟಡಕ್ಕೆ ಬುನಾದಿ ಬೀಳುವಾಗ ನಮ್ಮ ಸೂಪಾ ಪೇಟೆಯ ರಾಜಧಾನಿ ಬೆಂಗಳೂರಲ್ಲ, ಮುಂಬೈ. ಹಾಗಾಗಿ ಜೊಯಿಡಾದವನು ಆಪೆರಾ ಹೌಸ್ ಬಗ್ಗೆ ತಕರಾರು ತೆಗೆಯೋದು ಅಧಿಕಪ್ರಸಂಗ ಅಲ್ಲ.

ಈಗ ತಕರಾರು. ಅದು ಲೆಕ್ಕದ್ದು.

ಮಾರಿಸ್ ಬ್ಯಾಂಡ್‌ಮನ್ ಎಂಬ ನಾಟಕ ಕಂಪನಿ ಮಾಲೀಕ ಮತ್ತು ಜಹಾಂಗೀರ್ ಫ್ರಾಮ್‌ಜಿ ಕರಾಕಾ ಎಂಬ ಪಾರ್ಸಿ ಕಲ್ಲಿದ್ದಲು ವ್ಯಾಪಾರಿ ಸೇರಿ ಇದನ್ನು ಕಟ್ಟಿಸಿದರು. 1911ರಲ್ಲಿ ಐದನೇ ಜಾರ್ಜ್ ಉದ್ಘಾಟನೆ ಮಾಡಿ ಹೋದ, ಕೆಲಸ ಆಮೇಲೂ ನಡೆದಿತ್ತು. (ಕೆಲಸ ಮುಗಿಯದೆ ಉದ್ಘಾಟನೆ ಮಾಡೋದು ನಮ್ಮ ಕಾಲದ ಶೋಧ ಅಂತ ಯಾರೂ ಬೀಗಬೇಕಾಗಿಲ್ಲ.) ಕೆಲವೇ ವರ್ಷಗಳಲ್ಲಿ ನಾಟಕದ ಜೊತೆ ಸಿನಿಮಾ ತೋರಿಸೋದೂ ಶುರುವಾಯಿತು. 1930ರ ದಶಕದ ನಡುವೆ ಐಡಿಯಲ್ ಪಿಕ್ಚರ್ಸ್ ಕೈಗೆ ಬಂದು ಪೂರ್ತಿ ಚಿತ್ರಮಂದಿರವೇ ಆಯಿತು. 1952ರಲ್ಲಿ ಗೊಂಡಲ್ ರಾಜಮನೆತನ ಕೊಂಡಿತು. 1993ರಲ್ಲಿ ಬಾಗಿಲು ಹಾಕಿತು. ಅಂದ್ರೆ, ನಾಟಕ-ಆಪೆರಾ ಮುಖ್ಯವಾಗಿದ್ದದ್ದು ಇಪ್ಪತ್ತೈದು ವರ್ಷಕ್ಕೂ ಕಡಿಮೆ. ಸಿನಿಮಾ ನಡೆದದ್ದು ಅರವತ್ತು ವರ್ಷದ ಹತ್ತಿರ ಹತ್ತಿರ. ಕಟ್ಟಡದ ಬಾಳಿನ ದೊಡ್ಡ ಪಾಲು ಸಿನಿಮಾದ್ದು.

ಆದರೆ ಮರಳಿ ಬಂದದ್ದು ಯಾವ ಕಾಲ? ಜಾರ್ಜನ ಕಾಲ. ಸಂರಕ್ಷಣಾ ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ತಂಡ ಹಳೇ ಫೋಟೋ, ದಾಖಲೆ ಹುಡುಕಿ, ವರ್ಷಗಟ್ಟಲೆ ದುಡಿದು ಮೊದಲಿನ ಬರೋಕ್ ವೈಭವವನ್ನು ಮತ್ತೆ ಎದ್ದು ನಿಲ್ಲಿಸಿತು. ಕೆಲಸದ ಬಗ್ಗೆ ಎರಡು ಮಾತಿಲ್ಲ. 2016ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆಯಿತು, ಮುಂಬೈಯಲ್ಲೇ ಹುಟ್ಟಿದ ಸೊಪ್ರಾನೋ ಗಾಯಕಿ ಪೆಟ್ರೀಷಿಯಾ ರೊಸಾರಿಯೊ ಹಾಡಿದರು, ಮರುವರ್ಷ ಯುನೆಸ್ಕೋ ಪ್ರಶಸ್ತಿಯೂ ಬಂತು. ಮಾಮಿ ಚಿತ್ರೋತ್ಸವದ ಉದ್ಘಾಟನೆಯೂ ಆ ವರ್ಷ ಇಲ್ಲೇ ಆದದ್ದು. ಸಿನಿಮಾ ಹೀಗೆ ತನ್ನದೇ ಮನೆಗೆ ಬಂತು, ಆದರೆ ಪಾಸ್ ಹಿಡಿದ ಅತಿಥಿಯಾಗಿ.

ಇದರಲ್ಲಿ ಏನು ತಪ್ಪು ಅಂತೀರಿ. ತಪ್ಪಲ್ಲ, ಆಯ್ಕೆ. ಹಳೇ ಕಟ್ಟಡಕ್ಕೆ ಮೂರ್ನಾಲ್ಕು ಕಾಲದ ಪದರ ಇರುತ್ತದೆ. ಯಾವ ಪದರ ಉಳಿಸೋದು, ಯಾವುದನ್ನ ಕೆರೆದು ತೆಗೆಯೋದು ಅಂತ ಯಾರೋ ಒಬ್ಬರು ತೀರ್ಮಾನ ಮಾಡಲೇಬೇಕು. ಹಾಗೆ ಮಾಡುವಾಗ ಸಿನಿಮಾದ ಪದರ ಯಾವಾಗಲೂ 'ಹಾಳಾದ ಕಾಲ' ಆಗಿಬಿಡುತ್ತದೆ, ರಾಜ ಬಂದ ದಿನ 'ನಿಜವಾದ ಕಾಲ' ಆಗುತ್ತದೆ. ನಾಟಕ ಮೇಲ್ಜಾತಿ, ಸಿನಿಮಾ ಕೆಳಜಾತಿ ಎಂಬ ಈ ಲೆಕ್ಕ ನನಗೆ ಹಿಡಿಸಲ್ಲ. ಪೃಥ್ವಿರಾಜ್ ಕಪೂರ್ ತಮ್ಮ ಪೃಥ್ವಿ ಥಿಯೇಟರ್ಸ್ ನಾಟಕಗಳನ್ನು ಇಲ್ಲಿ ಆಡಿದ್ದೇ ಇದು ಚಿತ್ರಮಂದಿರವಾಗಿದ್ದ ಕಾಲದಲ್ಲಿ. ಕನ್ನಡದಲ್ಲಂತೂ ಈ ಪಂಕ್ತಿಭೇದ ನಡೆಯೋದೇ ಇಲ್ಲ. ಗುಬ್ಬಿ ವೀರಣ್ಣನವರು ನಾಟಕ ಕಂಪನಿಯನ್ನೂ ನಡೆಸಿದರು, ಸಿನಿಮಾಕ್ಕೂ ದುಡ್ಡು ಹಾಕಿದರು. ರಾಜಕುಮಾರ್ ಬಂದದ್ದು ಅದೇ ಕಂಪನಿಯಿಂದ. 1954ರ 'ಬೇಡರ ಕಣ್ಣಪ್ಪ' ಪರದೆಗೆ ಬರುವ ಮೊದಲು ಜನ ರಂಗದ ಮೇಲೆ ನೋಡಿದ್ದ ಕತೆ. ನಮ್ಮಲ್ಲಿ ಇವೆರಡು ಅಣ್ಣ-ತಮ್ಮ.

ನಮ್ಮ ಮಾವ ಎಪ್ಪತ್ತರ ದಶಕದಲ್ಲಿ ನಾಲ್ಕು ವರ್ಷ ಗಿರಗಾಂವದ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದವರು. ಆಮೇಲೆ ಊರಿಗೆ ಬಂದು ದಾಂಡೇಲಿಯ ಕಾಗದದ ಮಿಲ್ಲು ಸೇರಿದರು. ಆಪೆರಾ ಹೌಸಿನಲ್ಲಿ ಅವರು ಸಿನಿಮಾ ನೋಡಿದ್ದರು ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಗುಮ್ಮಟದ ಫೋಟೋ ಕಳಿಸಿ ಫೋನ್ ಮಾಡಿದೆ.

"ಇದ್ಯಾವ ಗುಡಿ ತಮ್ಮಾ?"

"ಗುಡಿ ಅಲ್ಲ ಮಾವ, ಆಪೆರಾ ಹೌಸು. ನೀವು ನೋಡ್ತಿದ್ರಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಾವೆಲ್ಲಿ ನೋಡಿದ್ವಿ? ಪಾತ್ರೆ ತೊಳ್ದು, ಕದ ಹಾಕಿ ಓಡಿ ಹೋಗೋ ಹೊತ್ತಿಗೆ ದೀಪ ಆರಿರ್ತಿತ್ತು. ಕತ್ತಲ್ಯಾಗ ತಡಕಾಡಿ ಕೂತ್ಕೊಳ್ಳೋದು. ಪಿಚ್ಚರ್ ಮುಗೀತಿದ್ಹಂಗ ಮತ್ತ ಓಡೋದು, ಬೆಳಗ್ಗೆ ನಾಕಕ್ಕ ಏಳಬೇಕಲ್ಲ. ಮ್ಯಾಲ ಇಷ್ಟೆಲ್ಲ ಇತ್ತು ಅಂತ ಇವತ್ತೇ ಗೊತ್ತಾತು ನೋಡು." ಕೊನೆಗೆ ಕೇಳಿದರು: "ಈಗ ನಮ್ಮಂಥವ್ರನ್ನ ಒಳಗ ಬಿಡ್ತಾರೇನು?"

ಬಿಡ್ತಾರೆ ಮಾವ, ಟಿಕೆಟ್ ತಗೊಂಡರೆ ಯಾರನ್ನಾದರೂ ಬಿಡ್ತಾರೆ ಅಂದೆ. ಅದು ನಿಜವೇ. ಆದರೆ ಅವರು ಕೇಳಿದ್ದು ಟಿಕೆಟಿನ ವಿಷಯ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಈಗ ಒಳಗಿರೋದು 575 ಕುರ್ಚಿ. ಕೆಲಸ ಮುಗಿಸಿ ಬಂದ ಹೋಟೆಲ್ ಹುಡುಗನಿಗೆ ಈ ತಿಂಗಳ ಪಟ್ಟಿಯಲ್ಲಿ ಏನಿದೆ ಎಂಬ ಪ್ರಶ್ನೆಯನ್ನು ಆ ಮಖಮಲ್ಲು ಕೇಳಿಕೊಳ್ಳುವಂತೆ ಕಾಣಲಿಲ್ಲ. ಕರ್ನಾಟಕದ ಟಾಕೀಸುಗಳಲ್ಲಿ ಪರದೆಗೆ ಅಂಟಿಕೊಂಡ ಮುಂದಿನ ಬೆಂಚುಗಳಿಗೆ ಗಾಂಧಿ ಕ್ಲಾಸ್ ಅಂತಿದ್ದರು. ಶಿಳ್ಳೆ ಹುಟ್ಟುತ್ತಿದ್ದದ್ದು ಅಲ್ಲಿ, ನಾಣ್ಯ ಎಸೆಯುತ್ತಿದ್ದದ್ದು ಅಲ್ಲಿಂದ, ಪಿಕ್ಚರ್ ಓಡುತ್ತದೋ ಇಲ್ಲವೋ ತೀರ್ಮಾನ ಆಗುತ್ತಿದ್ದದ್ದೂ ಅಲ್ಲೇ. ಆ ಬೆಂಚಿಗೆ ಹಳೇ ಫೋಟೋ ನೋಡಿ ಮತ್ತೆ ಮೆರುಗು ಕೊಡುವ ವಾಸ್ತುಶಿಲ್ಪಿ ಇನ್ನೂ ಹುಟ್ಟಿಲ್ಲ.

ಇಷ್ಟಾದರೂ ಮುಂಬೈಯವರಿಗೆ ಒಂದು ದೊಡ್ಡ ಪುಣ್ಯ ಸಲ್ಲಬೇಕು: ವೇದಿಕೆ ವೇದಿಕೆಯಾಗಿಯೇ ಉಳಿದಿದೆ. ಬೆಂಗಳೂರಲ್ಲಿ ಏನಾಯಿತು ನೋಡಿ. ಬ್ರಿಗೇಡ್ ರೋಡು, ರೆಸಿಡೆನ್ಸಿ ರೋಡು ಸೇರುವ ಮೂಲೆಯ ಆಪೆರಾ ಹೌಸನ್ನು ನೀವೆಲ್ಲ ಕಂಡೇ ಇರುತ್ತೀರಿ. ಬ್ರಿಟಿಷರ ಕಾಲದ ನಾಟಕಶಾಲೆ, ಆಮೇಲೆ ಇಂಗ್ಲಿಷ್ ಸಿನಿಮಾದ ಟಾಕೀಸು, ಆಮೇಲೆ ಬಹಳ ಕಾಲ ಬೀಗ. ಅದನ್ನೂ ದುರಸ್ತಿ ಮಾಡಿ 2018ರ ಸೆಪ್ಟೆಂಬರ್‌ನಲ್ಲಿ ತೆರೆದರು. ತೆರೆದದ್ದು ಸ್ಯಾಮ್‌ಸಂಗ್, 33,000 ಚದರ ಅಡಿಯ ಮೊಬೈಲ್ ಅನುಭವ ಕೇಂದ್ರ. ಹೊರಗೋಡೆ ಬೆಳ್ಳಗೆ ಬೆಳಗುತ್ತದೆ, ಕಾರ್ಯಕ್ರಮಗಳೂ ಆಗುತ್ತವೆ ನಿಜ, ಆದರೆ ಅಲ್ಲಿ ಮುಖ್ಯ ಪಾತ್ರಧಾರಿ ಫೋನು. ಪಕ್ಕದ ಪ್ಲಾಜಾ ಮೆಟ್ರೋಗೆ ಹೋಯಿತು, ರೆಕ್ಸ್ ಮುಚ್ಚಿತು, ಕಪಾಲಿ ಉರುಳಿತು. ಅದರ ಎದುರು ಇದು ಗೋಡೆಯನ್ನಾದರೂ ಉಳಿಸಿತಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು. ನಾನು ಮಾಡಿಕೊಂಡಿಲ್ಲ. ಕೆಳಗೆ ಬಿದ್ದ ಕಟ್ಟಡ ಕನಿಷ್ಠ ನಾಟಕ ಆಡುವುದಿಲ್ಲ.

ಮುಂಬೈಗೆ ಮಹಾರಾಜರಿದ್ದರು, ಬೆಂಗಳೂರಿಗೆ ಕಂಪನಿ ಸಿಕ್ಕಿತು. ಎರಡೂ ಇಲ್ಲದ ಊರುಗಳ ಗತಿ? ಇದೇ ನನ್ನನ್ನು ಕಾಡುವ ಪ್ರಶ್ನೆ. ನಾವು ಚಿಕ್ಕವರಿದ್ದಾಗ ಪಿಕ್ಚರ್ ಅಂದ್ರೆ ಜೊಯಿಡಾದಿಂದ ದಾಂಡೇಲಿಗೆ ಹೋಗಬೇಕು. ಮಾವ ಶಿಫ್ಟು ಮುಗಿಸಿ ಬಂದು ಕರೆದುಕೊಂಡು ಹೋಗುತ್ತಿದ್ದರು. ಕೊನೆಯ ಬಸ್ಸು ತಪ್ಪಿದರೆ ಅವರ ಕ್ವಾರ್ಟರ್ಸ್‌ನಲ್ಲೇ ಮಲಗೋದು. ಕನ್ನಡ, ಕೊಂಕಣಿ, ಮರಾಠಿ, ಉರ್ದು ಎಲ್ಲ ಮಾತಾಡುವ ಜನ ಒಂದೇ ಜಾಗದಲ್ಲಿ ಒಂದೇ ಹಾಸ್ಯಕ್ಕೆ ನಗುತ್ತಿದ್ದ ಜಾಗ ಅದು. ಇಂಥ ಟಾಕೀಸುಗಳು ರಾಜ್ಯದ ತುಂಬ ಗೋದಾಮು, ಕಲ್ಯಾಣ ಮಂಟಪ ಆಗುತ್ತಿವೆ. ಯಾವುದಕ್ಕೂ ಗುಮ್ಮಟ ಇಲ್ಲ. ಹಾಗಾಗಿ ಯಾರೂ ಅವನ್ನು 'ಪಾರಂಪರಿಕ' ಅನ್ನುವುದಿಲ್ಲ. ಶೀಟು ಹೊದೆಸಿದ ಸೂರು, ಸುಣ್ಣ ಬಳಿದ ಗೋಡೆ, ಅಷ್ಟೇ.

ಉಳಿಸುವುದಕ್ಕೆ ಗೋಡೆಯಾದರೂ ಇರಬೇಕಲ್ಲ, ನಮ್ಮಲ್ಲಿ ಅದೂ ಕಷ್ಟ. ನಮ್ಮ ತಾಲ್ಲೂಕಿಗೆ ಹೆಸರು ಕೊಟ್ಟಿದ್ದ ಸೂಪಾ ಪೇಟೆಯೇ ಕಾಳಿ ನದಿಯ ಅಣೆಕಟ್ಟಿನ ನೀರಿನಡಿ ಹೋಗಿದೆ. ತಾಲ್ಲೂಕು ಕಚೇರಿ ಜೊಯಿಡಾಕ್ಕೆ ಬಂತು. ಅಲ್ಲಿನ ಬೀದಿ, ಸಂತೆ, ಆಟ ಆಡುತ್ತಿದ್ದ ಬಯಲಿಗೆ ಯಾವ ವಾಸ್ತುಶಿಲ್ಪಿಯೂ ಏನೂ ಮಾಡಲಾರ.

ಹಾಗಂತ ಕಟ್ಟಡ ಇಲ್ಲದಲ್ಲಿ ರಂಗ ಇಲ್ಲ ಅಂತಲ್ಲ. 1980ರ ದಶಕದಲ್ಲಿ ಯಲ್ಲಾಪುರದ ಮಂಚೀಕೇರಿಯಲ್ಲಿ ಚಿದಂಬರರಾವ್ ಜಂಬೆಯವರು ಸಿದ್ದಿ ಜನರನ್ನು ಕಟ್ಟಿಕೊಂಡು ಚಿನುವಾ ಅಚಿಬೆಯ ಕಾದಂಬರಿಯನ್ನು ನಾಟಕ ಮಾಡಿದರು. ಆಫ್ರಿಕಾದ ಕತೆ ಆಫ್ರಿಕಾ ಮೂಲದ ಕನ್ನಡಿಗರ ಬಾಯಲ್ಲಿ, ಅಡಿಕೆ ತೋಟದ ಪಕ್ಕ. ಅದರ ಹಿಂದೆ ಇದ್ದದ್ದು ಹೆಗ್ಗೋಡಿನ ನೀನಾಸಂ. ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು ರಂಗಮಂದಿರ ಕಟ್ಟಿದ ಬೆನ್ನಿಗೇ, 1973ರಲ್ಲಿ ಚಿತ್ರಸಮಾಜವನ್ನೂ ಶುರು ಮಾಡಿದರು. ನಾಟಕ ನೋಡಲು ಬರುವ ರೈತನೇ ಜಗತ್ತಿನ ಒಳ್ಳೆಯ ಸಿನಿಮಾಗಳನ್ನೂ ನೋಡಿದ. ಮುಂಬೈಯಲ್ಲಿ ಸಿನಿಮಾವನ್ನು ಕೆರೆದು ನಾಟಕಶಾಲೆಯನ್ನು ಹೊರತೆಗೆದರು, ಹೆಗ್ಗೋಡಿನಲ್ಲಿ ನಾಟಕದವರೇ ಸಿನಿಮಾಕ್ಕೆ ಮಣೆ ಹಾಕಿದರು. ನನಗೆ ಯಾವುದು ಹೆಚ್ಚು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಮೊನ್ನೆ ಊರಿಗೆ ಹೋದಾಗ ಗೆಳೆಯರ ನಡುವೆ ಮತ್ತದೇ ಹಳೇ ಮಾತು: ಜೊಯಿಡಾದಲ್ಲಿ ಒಂದು ಒಳ್ಳೇ ರಂಗಮಂದಿರ ಆಗಬೇಕು. ಒಬ್ಬ ಪುಶ್‌ಬ್ಯಾಕ್ ಸೀಟು ಅಂದ, ಇನ್ನೊಬ್ಬ ಏಸಿ ಅಂದ. ನಾನು ಆಪೆರಾ ಹೌಸಿನ ಫೋಟೋ ತೋರಿಸಿದೆ, ಎಲ್ಲರೂ ಬಾಯಿ ಬಿಟ್ಟು ನೋಡಿದರು. ಮಾವ ಮಾತ್ರ ಫೋನಿನಿಂದ ಕಣ್ಣು ತೆಗೆದು, "ಮುಂದ ಚಾಪಿ ಹಾಸಾಕ ಜಾಗ ಬಿಡ್ರಿ. ಮತ್ತ ಆಟ ರಾತ್ರಿ ಒಂಬತ್ತರ ಮ್ಯಾಲ ಶುರು ಆಗ್ಲಿ, ಕೆಲ್ಸ ಮುಗಿಸಿ ಬರೋರಿಗೆ ದೀಪ ಇರೋವಾಗ್ಲೇ ಒಳಗ ಬರಾಕ ಆಗ್ಬೇಕು" ಅಂದರು.