ವಾರವಿಡೀ ಅಮ್ಮ, ಸಿನಿಮಾ ಪೂರ್ತಿ ಅಪ್ಪ

'ಮ್ಯಾರೇಜ್ ಸ್ಟೋರಿ' ಸಿನಿಮಾನ ನಾನು ಮೂರು ಸಲ ನೋಡಿದ್ದೀನಿ. ಮೊದಲ ಸಲ ಅತ್ತುಬಿಟ್ಟೆ. ಆಗಿನ್ನೂ ನನ್ನ ಮದುವೆ ಗಟ್ಟಿಯಾಗಿಯೇ ಇತ್ತು, ಅಥವಾ ಹಾಗಂತ ನಾನು ಅಂದುಕೊಂಡಿದ್ದೆ. ಎರಡನೇ ಸಲ ನೋಡಿದಾಗ ಡಿವೋರ್ಸ್ ಆಗಿ ನಾಲ್ಕು ತಿಂಗಳಾಗಿತ್ತು; ಸಿಟ್ಟು ಬಂತು. ಮೂರನೇ ಸಲ ನೋಡಿದ್ದು ಕಳೆದ ತಿಂಗಳ ಒಂದು ಶನಿವಾರ ರಾತ್ರಿ, ಮಗಳು ಅವರಪ್ಪನ ಮನೆಗೆ ಹೋಗಿದ್ದಾಗ. ಈ ಸಲ ಅಳು, ಸಿಟ್ಟು ಎರಡನ್ನೂ ಪಕ್ಕಕ್ಕಿಟ್ಟು ನೋಡೋಕಾಯ್ತು.

ನೋವಾ ಬಾಮ್‌ಬಾಕ್ 2019ರಲ್ಲಿ ಮಾಡಿದ ಸಿನಿಮಾ ಇದು. ಚಾರ್ಲಿ ನ್ಯೂಯಾರ್ಕಿನ ನಾಟಕ ನಿರ್ದೇಶಕ, ನಿಕೋಲ್ ನಟಿ. ಅವರಿಗೆ ಹೆನ್ರಿ ಅಂತ ಒಬ್ಬ ಪುಟ್ಟ ಮಗ. ನಿಕೋಲ್ ಮಗನನ್ನು ಕರೆದುಕೊಂಡು ತನ್ನ ತವರೂರಾದ ಲಾಸ್ ಏಂಜಲೀಸ್‌ಗೆ ಬರ್ತಾಳೆ. ವಕೀಲರಿಲ್ಲದೆ ನಾವೇ ಮಾತಾಡಿ ಮುಗಿಸೋಣ ಅಂತಿದ್ದ ಇಬ್ಬರೂ ವಕೀಲರ ಕೈಗೆ ಸಿಕ್ಕು ಹೈರಾಣಾಗ್ತಾರೆ. ಇಷ್ಟೇ ಕಥೆ.

ಇದರ ಬಗ್ಗೆ ಮಾತಾಡೋರೆಲ್ಲ ಆ ದೊಡ್ಡ ಜಗಳದ ದೃಶ್ಯದ ಬಗ್ಗೆ ಮಾತಾಡ್ತಾರೆ. ನನಗೆ ನಾಟಿದ್ದು ಬೇರೆ. ನಿಕೋಲ್‌ಳ ಅಮ್ಮ ಸ್ಯಾಂಡ್ರಾಗೆ ಅಳಿಯನ ಮೇಲೆ ಪ್ರಾಣ. ಮಗಳು ಡಿವೋರ್ಸ್ ಕೇಳ್ತಿದ್ದಾಳೆ ಅಂತ ಗೊತ್ತಿದ್ದೂ ಅವನನ್ನ ಮನೆಗೆ ಕರೀತಾಳೆ, ತಬ್ಬಿಕೊಳ್ತಾಳೆ. ಅತ್ತ ಅಡುಗೆಮನೆಯಲ್ಲಿ ನಿಕೋಲ್‌ಳ ಅಕ್ಕ ಕೋರ್ಟಿನ ನೋಟೀಸಿನ ಕವರು ಹಿಡಿದು, ಭಾವನ ಕೈಗೆ ಇದನ್ನ ಹೇಗೆ ಕೊಡೋದು ಅಂತ ಒದ್ದಾಡ್ತಾಳೆ. ನಗು ಬರುವ ಹಾಗೆ ತೆಗೆದಿದ್ದಾರೆ, ಆದ್ರೆ ವಿಷಯ ನಗುವಂಥದ್ದಲ್ಲ. ಇನ್ಮೇಲೆ ನೀನು ಅವನ ಜೊತೆ ಸ್ನೇಹ ಇಟ್ಕೋಬಾರದು ಅಂತ ನಿಕೋಲ್ ತನ್ನ ಅಮ್ಮನಿಗೆ ಹೇಳಬೇಕಾಗುತ್ತೆ. ಗಂಡ ಹೆಂಡತಿ ಬೇರೆಯಾದ್ರು ಅಂದ ಮಾತ್ರಕ್ಕೆ ಉಳಿದ ಸಂಬಂಧಗಳೆಲ್ಲ ಅದೇ ದಿನ ರದ್ದಾಗಲ್ಲ ಅನ್ನೋದು ಈ ಸಿನಿಮಾಕ್ಕೆ ಗೊತ್ತಿದೆ.

ನಾನೂ ನಮ್ಮಮ್ಮನಿಗೆ ಇದೇ ಮಾತು ಹೇಳಿದ್ದೆ. ಅಮ್ಮ ತುಮಕೂರಲ್ಲಿದ್ದಾಳೆ, ಇವತ್ತಿಗೂ ಅವರನ್ನ 'ಅಳಿಯಂದ್ರು' ಅಂತಲೇ ಕರೀತಾಳೆ. ಹಬ್ಬಕ್ಕೆ ಫೋನ್ ಮಾಡಿ ಯೋಗಕ್ಷೇಮ ವಿಚಾರಿಸ್ತಾಳೆ. "ನೀನು ಯಾರ ಕಡೆಯಮ್ಮಾ?" ಅಂತ ಒಂದಿನ ಕಿರುಚಿಬಿಟ್ಟೆ. "ನಿಂಗೆ ಗಂಡ ಅಲ್ಲದೇ ಇರಬಹುದು, ಪುಟ್ಟಿಗೆ ಅಪ್ಪ ಅಲ್ವೇನೆ?" ಅಂದಳು. ಅದಾದ ಮೇಲೆ ಎರಡು ವಾರ ನಾವಿಬ್ಬರೂ ಮಾತಾಡಲಿಲ್ಲ. ಸ್ಯಾಂಡ್ರಾಳ ಮುಖ ನೋಡಿದಾಗಲೇ ನಮ್ಮಮ್ಮನಿಂದ ನಾನು ಏನನ್ನ ಕಿತ್ತುಕೊಳ್ಳೋಕೆ ಹೊರಟಿದ್ದೆ ಅಂತ ಅರ್ಥ ಆಗಿದ್ದು.

ಹಾಗಾದ್ರೆ ಎರಡನೇ ಸಲ ಸಿಟ್ಟು ಬಂದಿದ್ದು ಯಾಕೆ? ಕ್ಯಾಮೆರಾ ಯಾರ ಮನೆಯಲ್ಲಿ ರಾತ್ರಿ ಉಳಿಯುತ್ತೆ ನೋಡಿ. ಚಾರ್ಲಿ ಬಾಡಿಗೆ ಮನೆ ಹಿಡಿಯೋದು, ಅದನ್ನ ಮನೆಯಂತೆ ಕಾಣಿಸೋಕೆ ಪರದಾಡೋದು, ನಿದ್ದೆಗಣ್ಣಿನ ಮಗನನ್ನ ಹ್ಯಾಲೋವೀನ್ ದಿನ ಎರಡನೇ ಸಲ ಸುತ್ತಿಸೋದು, ಕೋರ್ಟಿನ ಕಡೆಯಿಂದ ಪರೀಕ್ಷೆಗೆ ಬಂದವಳ ಎದುರು ಕೈ ಕುಯ್ದುಕೊಂಡು ರಕ್ತ ಮುಚ್ಚಿಡೋದು, ಎಲ್ಲಾ ನಾವು ನೋಡ್ತೀವಿ. ನಿಕೋಲ್‌ಗೆ ವಕೀಲೆಯ ಆಫೀಸಿನಲ್ಲಿ ಮನಸ್ಸು ಬಿಚ್ಚಿ ಮಾತಾಡುವ ಒಂದು ಉದ್ದದ ದೃಶ್ಯ ಇದೆ, ಒಪ್ತೀನಿ. ಆದ್ರೆ ಬೆಳಿಗ್ಗೆ ಹೆನ್ರಿಯನ್ನ ಎಬ್ಬಿಸಿದ್ದು ಯಾರು, ಜ್ವರ ಬಂದಾಗ ರಜೆ ಹಾಕಿದ್ದು ಯಾರು? ಅದು ತೆರೆಯ ಮೇಲಿಲ್ಲ. ಅಪ್ಪ ಎಡವಿದ್ರೆ ಕಥೆ. ಅಮ್ಮ ಎಡವದೇ ದಿನ ದೂಡಿದ್ರೆ ಕಥೆಯಲ್ಲ.

ಇದು ಹೊಸದೂ ಅಲ್ಲ. 1979ರ 'ಕ್ರೇಮರ್ ವರ್ಸಸ್ ಕ್ರೇಮರ್'ನಲ್ಲಿ ಡಸ್ಟಿನ್ ಹಾಫ್‌ಮನ್ ಮಗನಿಗೆ ಫ್ರೆಂಚ್ ಟೋಸ್ಟ್ ಮಾಡೋಕೆ ಕಲಿಯೋದೇ ಸಿನಿಮಾದ ಬೆನ್ನೆಲುಬು. ಅದಕ್ಕಿಂತ ಮುಂಚೆ ಅದೇ ಅಡುಗೆಮನೆಯಲ್ಲಿ ಮೆರಿಲ್ ಸ್ಟ್ರೀಪ್‌ಳ ಜೊವಾನಾ ವರ್ಷಗಟ್ಟಲೆ ಮಾಡಿದ್ದು ಒಂದು ದೃಶ್ಯಕ್ಕೂ ಲಾಯಕ್ಕಾಗಲಿಲ್ಲ. ಕೋರ್ಟಿನಲ್ಲಿ ಜೊವಾನಾ ತನ್ನ ಪರವಾಗಿ ಆಡುವ ಮಾತುಗಳನ್ನ ಸ್ಟ್ರೀಪ್ ತಾನೇ ಕೂತು ತಿದ್ದಿ ಬರೆದಿದ್ದಳು. ಅದೇ ಕಥೆಯ ಎಳೆ ಹಿಡಿದು 1995ರಲ್ಲಿ ಬಂದ ಹಿಂದಿಯ 'ಅಕೇಲೇ ಹಮ್ ಅಕೇಲೇ ತುಮ್' ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಕೊನೆಗೆ ಗಂಡ ಹೆಂಡತಿಯನ್ನ ಒಂದು ಮಾಡಿ ಕೈ ತೊಳೆದುಕೊಳ್ತು. ಡಿವೋರ್ಸ್ ಆದ ಮೇಲೂ ಇಬ್ಬರು ಸೇರಿ ಒಂದು ಮಗು ಬೆಳೆಸಬಹುದು ಅನ್ನೋ ಯೋಚನೆಗೇ ಅಲ್ಲಿ ಜಾಗ ಇರಲಿಲ್ಲ.

ಕಾನೂನಿನ ಕಣ್ಣೂ ಬಹಳ ಕಾಲ ಹೀಗೇ ಇತ್ತು. 1956ರ ಹಿಂದೂ ಅಪ್ರಾಪ್ತ ಮಕ್ಕಳ ಪಾಲಕತ್ವದ ಕಾಯ್ದೆ ಪ್ರಕಾರ ಮಗುವಿನ ಸಹಜ ಪಾಲಕ ಅಪ್ಪ, ಅವನ 'ನಂತರ' ಅಮ್ಮ. ಮಗನ ಹೆಸರಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳೋಕೆ ಅಮ್ಮನ ಸಹಿ ಸಾಲದು ಅಂದಾಗ ಲೇಖಕಿ ಗೀತಾ ಹರಿಹರನ್ ಸುಪ್ರೀಂ ಕೋರ್ಟಿಗೆ ಹೋದರು. 'ನಂತರ' ಅಂದ್ರೆ ಅಪ್ಪ ಸತ್ತ ಮೇಲೆ ಅಂತಲ್ಲ, ಅವನು ಜವಾಬ್ದಾರಿ ಹೊರದಿದ್ದಾಗಲೂ ಅಮ್ಮನೇ ಪಾಲಕಿ ಅಂತ ಕೋರ್ಟು 1999ರಲ್ಲಿ ಹೇಳಿತು. ಒಳ್ಳೇದೇ ಆಯ್ತು. ಆದ್ರೂ ಅಪ್ಪ ಇದ್ದೂ ಇಲ್ಲದಂತಿದ್ರೆ ಮಾತ್ರ ಅಮ್ಮ ಅನ್ನೋ ಕ್ರಮ ಹಾಗೇ ಉಳೀತು. ದಿನಾ ಹೋಮ್‌ವರ್ಕ್ ಮಾಡಿಸೋಳು ಕಾಗದದ ಮೇಲೂ ಎರಡನೆಯವಳು.

ಈಗ ಮೂರನೇ ಸಲ ನೋಡಿದ್ದಕ್ಕೆ ಬರ್ತೀನಿ. ಕೊನೆಯಲ್ಲಿ ವಕೀಲೆ ನೋರಾ ಹಟ ಹಿಡಿದು, ನಿಕೋಲ್ ಕೇಳದೇ ಇದ್ರೂ, ಕಸ್ಟಡಿಯನ್ನ ಸಮ ಸಮ ಬಿಡದೆ 55-45 ಮಾಡಿಸಿರ್ತಾಳೆ. ಮುಂದಿನ ವರ್ಷದ ಹ್ಯಾಲೋವೀನ್ ರಾತ್ರಿ ಮಗ ನಿಕೋಲ್ ಪಾಲಿನವನು. ನೀನೇ ಕರ್ಕೊಂಡು ಹೋಗು ಅಂತ ಅವಳು ಚಾರ್ಲಿಗೆ ಬಿಟ್ಟುಕೊಡ್ತಾಳೆ. ಅವನು ಹೊರಟಾಗ ಓಡಿ ಬಂದು, ಬಿಚ್ಚಿಹೋಗಿದ್ದ ಅವನ ಶೂ ಲೇಸು ಕಟ್ತಾಳೆ. ಅವನ ಕೈಯಲ್ಲಿ ಮಗು ಇದೆ, ಬಗ್ಗೋಕೆ ಆಗಲ್ಲ.

"ನೋಡಿದ್ಯಾ, ಕೊನೆಗೂ ಬಗ್ಗಿದ್ದು ಹೆಂಗಸೇ" ಅಂದಳು ನನ್ನ ಗೆಳತಿ. ಅವಳ ಮಾತಲ್ಲಿ ಹುರುಳಿದೆ. ಆದ್ರೆ ನಾನು ಆ ದೃಶ್ಯವನ್ನ ಅಷ್ಟಕ್ಕೇ ಬಿಡಲ್ಲ. ಇಡೀ ಸಿನಿಮಾದಲ್ಲಿ ವಕೀಲರು, ಕೋರ್ಟು, ಪರ್ಸೆಂಟೇಜು ಯಾವುದೂ ಹೇಳದೇ ಇದ್ದದ್ದನ್ನ ಅವಳು ಮಾಡಿದ್ದು ಅದೊಂದೇ. ಎಡವಿದ್ರೆ ಬೀಳೋದು ಅವನೊಬ್ಬನೇ ಅಲ್ಲ, ಅವನ ಕೈಯಲ್ಲಿರೋ ಹೆನ್ರಿಯೂ ಬೀಳ್ತಾನೆ. ಕೋ-ಪೇರೆಂಟಿಂಗ್ ಅಂದ್ರೆ ದಿನಬಳಕೆಯಲ್ಲಿ ಇಷ್ಟೇ ಅಂತ ನನಗೆ ಅನ್ನಿಸಿದೆ. ಇಂಥ ಕೆಲಸ ಅವನೂ ಒಂದಿನ ಅವಳಿಗೆ ಮಾಡೋದನ್ನ ತೋರಿಸಿದ್ರೆ ಸಿನಿಮಾ ಇನ್ನೂ ದೊಡ್ಡದಾಗ್ತಿತ್ತು. ತೋರಿಸಲಿಲ್ಲ, ಅದು ಅದರ ಸೋಲು.

ಆದ್ರೂ ನೋಡಿ ಅಂತಲೇ ಹೇಳ್ತೀನಿ. ಜಗಳದ ದೃಶ್ಯಕ್ಕಲ್ಲ, ಸ್ಯಾಂಡ್ರಾಗೋಸ್ಕರ ನೋಡಿ.

ಮಾರನೇ ದಿನ ಭಾನುವಾರ ಸಂಜೆ ಮಗಳ ಅಪ್ಪ ಅವಳನ್ನ ಬಿಡೋಕೆ ಬಂದ್ರು. ತುಮಕೂರಿಂದ ಬಂದಿದ್ದ ಚಕ್ಕುಲಿಯಲ್ಲಿ ಅವರ ಪಾಲಿನ ಡಬ್ಬಿ ನನ್ನ ಅಡುಗೆಮನೆಯಲ್ಲಿ ಎರಡು ವಾರದಿಂದ ಹಾಗೇ ಕೂತಿತ್ತು. ತಗೊಂಡು ಹೋಗಿ ಗೇಟಿನ ಹತ್ರ ಕೊಟ್ಟೆ. "ಅತ್ತೆಗೆ ಥ್ಯಾಂಕ್ಸ್ ಹೇಳು" ಅಂದ್ರು. ನೀವೇ ಫೋನ್ ಮಾಡಿ ಹೇಳಿ, ಅಂದೆ.