ಅಶ್ವಶೂಲೆ: ಹೆಸರು, ಲಕ್ಷಣ ಮತ್ತು ಕಾರಣ

ಕನ್ನಡ ಶಾಸ್ತ್ರಸಾಹಿತ್ಯದಲ್ಲಿ ಪಶುವೈದ್ಯಕ್ಕೆ ದೀರ್ಘ ಪರಂಪರೆಯಿದೆ. 12ನೆಯ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’, ಸುಮಾರು 1400ರ ಅಭಿನವಚಂದ್ರನ ಅಶ್ವವೈದ್ಯ ಗ್ರಂಥ, 1627ರ ಪದ್ಮಣಪಂಡಿತನ ‘ಹಯಸಾರಸಮುಚ್ಚಯ’ ಇದರ ಮುಖ್ಯ ಘಟ್ಟಗಳು. ಇಂಥ ಕೃತಿಗಳನ್ನು ಕಾಲ, ಕರ್ತೃ, ಭಾಷೆಗಳ ದೃಷ್ಟಿಯಿಂದ ಮಾತ್ರ ಪರಿಶೀಲಿಸಿದರೆ ಸಾಲದು. ಅವು ನೆಚ್ಚಿದ ಪರಿಭಾಷೆಯು ಪ್ರಾಣಿಯ ದೇಹವನ್ನು ಹೇಗೆ ಕಾಣುತ್ತದೆಂಬುದೂ ವಿಮರ್ಶೆಯ ವಿಷಯವೇ. ‘ಶೂಲೆ’ ಇದಕ್ಕೆ ತಕ್ಕ ನಿದರ್ಶನ.

ಶೂಲವೆಂದರೆ ಮೊನಚಾದ ಆಯುಧ. ಇರಿದಂಥ ನೋವಿಗೂ ಅದೇ ಹೆಸರು. ಇಂಗ್ಲಿಷಿನ ‘ಕಾಲಿಕ್’ ಪದದ ಮೂಲವಾದರೋ ದೊಡ್ಡ ಕರುಳನ್ನು ಸೂಚಿಸುವ ಗ್ರೀಕ್ ಶಬ್ದ. ಒಂದು ಅನುಭವವನ್ನು ಹೆಸರಿಸಿದರೆ ಇನ್ನೊಂದು ಅವಯವವನ್ನು ಹೆಸರಿಸುತ್ತದೆ. ಕಾರಣವನ್ನು ಎರಡೂ ಹೇಳುವುದಿಲ್ಲ. ಇಂದಿನ ಪಶುವೈದ್ಯವೂ ಕಾಲಿಕ್ಕನ್ನು ಒಂದು ರೋಗವೆನ್ನದೆ ಹೊಟ್ಟೆನೋವಿನ ಲಕ್ಷಣಸಮೂಹವೆಂದೇ ಪರಿಗಣಿಸುತ್ತದೆ. ಆದ್ದರಿಂದ ಹಳೆಯ ಪದ ಅವೈಜ್ಞಾನಿಕವೆಂಬ ಆಕ್ಷೇಪ ನಿಲ್ಲಲಾರದು.

ಮಿತಿ ಇರುವುದು ಕಾರಣದ ನಿರೂಪಣೆಯಲ್ಲಿ. ತ್ರಿದೋಷ ಸಿದ್ಧಾಂತವು ಶೂಲೆಗೆ ವಾತವನ್ನು ಪ್ರಧಾನ ಕಾರಣವೆನ್ನುತ್ತದೆ. ವಾತವೆಂದರೆ ಚಲನೆಯ ತತ್ತ್ವ. ಅದನ್ನು ಹೊಟ್ಟೆಯ ಗಾಳಿಗೆ ಸಮೀಕರಿಸುವುದು ಪರಿಭಾಷೆಗೆ ಎಸಗುವ ಅನ್ಯಾಯ. ಆದರೆ ಈ ಒಂದೇ ತತ್ತ್ವದಿಂದ ಕುದುರೆಯ ಕರುಳಿನ ವಿಶಿಷ್ಟ ರಚನೆಯನ್ನು ವಿವರಿಸಲಾಗದು. ದೊಡ್ಡ ಕರುಳು ಕಿರಿದಾಗಿ ಹಿಂದಿರುಗುವ ತಿರುವಿನಲ್ಲಿ ಒಣಗಿದ ಮೇವು ಸಿಕ್ಕಿಕೊಳ್ಳುತ್ತದೆ. ಸಡಿಲವಾಗಿರುವ ಅದೇ ಕರುಳು ಕೆಲವೊಮ್ಮೆ ತನ್ನ ಮೇಲೆಯೇ ತಿರುಚಿಕೊಳ್ಳುತ್ತದೆ. ಮೊದಲನೆಯದು ಬಹುಮಟ್ಟಿಗೆ ಔಷಧೋಪಚಾರಕ್ಕೆ ಮಣಿಯುತ್ತದೆ. ಎರಡನೆಯದಕ್ಕೆ ಕೆಲವೇ ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಅನಿವಾರ್ಯ.

ನೆಲ ಕೆರೆಯುವುದು, ಪಕ್ಕೆಯತ್ತ ತಿರುಗಿ ನೋಡುವುದು, ಮೇಲ್ದುಟಿ ಮಡಿಸುವುದು, ಮಲಗಿ ಹೊರಳುವುದು, ಬೆವರುವುದು, ಲದ್ದಿ ನಿಲ್ಲುವುದು: ಈ ಲಕ್ಷಣಗಳನ್ನು ಗುರುತಿಸಲು ಯಂತ್ರ ಬೇಡ, ನಿತ್ಯದ ಒಡನಾಟ ಸಾಕು. ಆದರೆ ಹೊರಳಾಟದ ತೀವ್ರತೆಯೊಂದೇ ಅಪಾಯದ ಅಳತೆಯಲ್ಲ. ವಿಶ್ರಾಂತಿಯಲ್ಲಿರುವ ವಯಸ್ಕ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಅದು 60ನ್ನು ಮೀರಿಯೇ ಉಳಿದರೆ, ವಸಡಿನ ಬಣ್ಣ ಕೆಟ್ಟರೆ ಸ್ಥಿತಿ ಗಂಭೀರ. ನೋವು ಹಠಾತ್ತನೆ ಇಳಿದುದನ್ನು ಗುಣವಾಯಿತೆಂದು ಓದುವಂತೆಯೂ ಇಲ್ಲ. ಜಠರ ಒಡೆದಾಗಲೂ ಕುದುರೆ ಕೆಲಹೊತ್ತು ಶಾಂತವಾಗಿ ಕಾಣುತ್ತದೆ.

ಹಸ್ತಪ್ರತಿಗಳ ಸಂಪಾದನೆಯಲ್ಲಿ ಈ ವಿವೇಚನೆಗೆ ಪ್ರಾಯೋಗಿಕ ಮಹತ್ತ್ವವಿದೆ. ಕುದುರೆ ವಾಂತಿ ಮಾಡಿಕೊಳ್ಳಲಾರದು; ಜಠರ ಉಬ್ಬಿರುವಾಗ ಬಾಯಿಂದ ಹೊಯ್ದ ಕಷಾಯವೇ ಅದರ ಪ್ರಾಣಕ್ಕೆ ಎರವಾಗಬಹುದು. ಹಳೆಯ ಯೋಗಗಳನ್ನು ಟಿಪ್ಪಣಿಯಿಲ್ಲದೆ ಅಚ್ಚು ಮಾಡುವ ಸಂಪಾದಕನು ಗ್ರಂಥಕ್ಕೂ ಪ್ರಾಣಿಗೂ ಉಪಕಾರ ಮಾಡಿದಂತಾಗದು. ಲಕ್ಷಣಗಳ ನಿರೂಪಣೆಯನ್ನು ವೀಕ್ಷಣೆಯ ದಾಖಲೆಯಾಗಿ, ಕಾರಣಗಳ ನಿರೂಪಣೆಯನ್ನು ಆ ಕಾಲದ ಚಿಂತನೆಯಾಗಿ ಬೇರ್ಪಡಿಸಿ ಓದಬೇಕು. ಅದಕ್ಕೆ ಭಾಷಾವಿದ್ವಾಂಸನ ಪಕ್ಕದಲ್ಲಿ ಪಶುವೈದ್ಯನೂ ಕುಳಿತಿರಬೇಕಾದುದು ಅಗತ್ಯ.